ಮಸಾಡ ಬೆಟ್ಟದಲ್ಲಿ ಸೂರ್ಯೋದಯದ ಫೋಟೊ: ಹತ್ತಿ ಬಂದವರ ಅನುಭವ

ಕೇಳಿದ್ದು

ನಾನು ಉಡುಪಿ ಕಡೆಯವಳು. ಟೆಲ್ ಅವೀವ್‌ನಲ್ಲಿ ಒಬ್ಬ ಅಜ್ಜಿಯನ್ನು ನೋಡಿಕೊಳ್ಳುವ ಕೆಲಸ. ಡಿಸೆಂಬರ್‌ನಲ್ಲಿ ಒಂದು ಶನಿವಾರ ಇಬ್ಬರು ಗೆಳತಿಯರ ಜೊತೆ ಮಸಾಡ, ಅಂದರೆ ಇಸ್ರೇಲ್‌ನಲ್ಲಿ ಮೃತ ಸಮುದ್ರದ ಹತ್ತಿರ ಹಳೇ ಕೋಟೆ ಇರುವ ಬೆಟ್ಟ, ಹತ್ತಬೇಕು ಅಂತಿದ್ದೇನೆ. ಕೋಟೆಯ ಮೇಲಿಂದ ಸೂರ್ಯ ಹುಟ್ಟುವುದನ್ನು ನೋಡಬೇಕು, ಅಮ್ಮನಿಗೆ ಕಳಿಸೋಕೆ ಒಂದು ಒಳ್ಳೆ ಫೋಟೊ ಬೇಕು. ಫೋನ್ ಇದೆ, ಅಣ್ಣ ಕೊಟ್ಟ ಹಳೇ ಕ್ಯಾಮೆರಾ ಇದೆ. ಎಷ್ಟು ಹೊತ್ತಿಗೆ ಹೊರಡಬೇಕು? ಯಾವ ಕಡೆಯಿಂದ ಹತ್ತಬೇಕು? ಟ್ರೈಪಾಡ್ ಹೊತ್ತುಕೊಂಡು ಹೋಗಬೇಕಾ?

ನಾಲ್ಕು ಸಲ ಹತ್ತಿದವರು

ಖಂಡಿತ ಹೋಗಿ. ಪೂರ್ವದ ಕಡೆಯಿಂದಲೇ ಹತ್ತಿ. ಅಲ್ಲಿರುವುದು ಹಾವಿನ ದಾರಿ. ಹೀಬ್ರೂ ಹೆಸರಿನ ಅರ್ಥವೂ ಅದೇ. ಸುಮಾರು 2 ಕಿಲೋಮೀಟರ್, 300 ಮೀಟರಿಗಿಂತ ಜಾಸ್ತಿ ಏರು. ಸೂರ್ಯೋದಯಕ್ಕೆ ಸುಮಾರು ಒಂದು ಗಂಟೆ ಮೊದಲು ಕೆಳಗಿನ ಗೇಟ್ ತೆಗೆಯುತ್ತಾರೆ. ಡಿಸೆಂಬರ್‌ನಲ್ಲಿ ಸೂರ್ಯೋದಯ ಆರೂವರೆಯ ಆಸುಪಾಸು. ನಿಧಾನಕ್ಕೆ ಹತ್ತಿದರೆ ಪೂರ್ತಿ ಒಂದು ಗಂಟೆ ಬೇಕು. ಅದಕ್ಕೇ ಗೇಟ್ ತೆಗೆಯುವ ಹೊತ್ತಿಗೆ ನೀವು ಅಲ್ಲಿ ನಿಂತಿರಬೇಕು.

ಒಂದು ಸಮಾಧಾನದ ವಿಷಯ ಇದೆ. ಎದುರಿಗೆ ಜೋರ್ಡಾನ್‌ನ ಮೋಆಬ್ ಬೆಟ್ಟಸಾಲು ಎತ್ತರಕ್ಕಿದೆ. ಫೋನ್ ತೋರಿಸುವ ಸಮಯಕ್ಕಿಂತ ಕೆಲವು ನಿಮಿಷ ತಡವಾಗಿ ಸೂರ್ಯ ಅದರ ಮೇಲೆ ಇಣುಕುತ್ತಾನೆ. ಆದರೆ ಬಣ್ಣ ಅದಕ್ಕೂ ಎಷ್ಟೋ ಮುಂಚೆ ಶುರುವಾಗುತ್ತದೆ. ಮೃತ ಸಮುದ್ರ ಮೊದಲು ಬೂದಿ, ಆಮೇಲೆ ತಿಳಿ ನೇರಳೆ. ಹತ್ತುತ್ತಾ ಇರುವಾಗ ಬೆಳಕು ನಿಮ್ಮ ಬೆನ್ನಿಗೆ ಇರುತ್ತದೆ, ಹಾಗಾಗಿ ಗೊತ್ತೇ ಆಗುವುದಿಲ್ಲ. ಪ್ರತಿ ತಿರುವಿನಲ್ಲೂ ಒಮ್ಮೆ ನಿಂತು ಹಿಂದೆ ನೋಡಿ. ನನ್ನ ಮನೆಗೋಡೆಯ ಮೇಲೆ ಇರುವ ಫೋಟೊ ತುದಿಯಲ್ಲಿ ತೆಗೆದದ್ದಲ್ಲ, ಅರ್ಧ ದಾರಿಯಲ್ಲಿ ತೆಗೆದದ್ದು. ಮೇಲೆ ಸಾಲಾಗಿ ಹೋಗುತ್ತಿರುವವರ ಟಾರ್ಚ್ ಬೆಳಕು, ಅಷ್ಟೇ.

ಟ್ರೈಪಾಡ್ ಬೇಡ ಅಂತೀನಿ. ಮೇಲೆ ಗಾಳಿ ಜೋರು, ಹಗುರದ್ದು ನಿಲ್ಲುವುದಿಲ್ಲ. ಕೋಟೆಗೋಡೆಯ ಪಕ್ಕ ಬ್ಯಾಗ್ ಇಟ್ಟು ಅದರ ಮೇಲೆ ಕ್ಯಾಮೆರಾ ಊರಿ. ರಾ ಫೈಲ್ (ಆಮೇಲೆ ಚೆನ್ನಾಗಿ ತಿದ್ದಲು ಬರುವ ಕಚ್ಚಾ ಫೋಟೊ) ಬರುವ ಹಾಗೆ ಮೊದಲೇ ಸೆಟ್ ಮಾಡಿಕೊಳ್ಳಿ. ಆಕಾಶಕ್ಕೆ ಸರಿಯಾಗುವ ಹಾಗೆ ಬೆಳಕು ಅಳೆಯಿರಿ, ಕಲ್ಲು ಕಪ್ಪಾದರೂ ಆಮೇಲೆ ಫೋಟೊ ತಿದ್ದುವಾಗ ಬೆಳಗಿಸಬಹುದು. ಸುಟ್ಟು ಬೆಳ್ಳಗಾದ ಆಕಾಶ ಮಾತ್ರ ವಾಪಸ್ ಬರುವುದಿಲ್ಲ. ಸೂರ್ಯನ ಅಂಚು ಇಣುಕುವ ಕ್ಷಣಕ್ಕೆ ಲೆನ್ಸಿನ ಕಿಂಡಿಯನ್ನು ಎಫ್ 16ಕ್ಕೆ ಕಿರಿದು ಮಾಡಿದರೆ ಕಿರಣಗಳು ನಕ್ಷತ್ರದ ಹಾಗೆ ಹರಡುತ್ತವೆ. ವ್ಯೂಫೈಂಡರ್‌ನಲ್ಲಿ ಸೂರ್ಯನನ್ನು ನೇರ ನೋಡಬೇಡಿ. ಮೇಲೆ ನಿಂತು ಲೆನ್ಸ್ ಬದಲಿಸಬೇಡಿ, ಧೂಳು ಒಳಗೆ ಹೋಗುತ್ತದೆ.

ಇನ್ನು ನಾನು ಹೇಳಲೇಬೇಕಾದ ಮಾತು. ಸೂರ್ಯ ಪೂರ್ತಿ ಮೇಲೆ ಬಂದ ಕೂಡಲೇ ತುಂಬಾ ಜನ ಕ್ಯಾಮೆರಾ ಒಳಗಿಡುತ್ತಾರೆ. ನೀವು ಇಡಬೇಡಿ. ಅದರ ನಂತರದ ಅರ್ಧ ಗಂಟೆ ನಿಜವಾದ ಸಮಯ. ಪೂರ್ವದ ಅಂಚಿಗೆ ನಿಂತು ಕೆಳಗೆ ನೋಡಿ. ನೆಲದ ಮೇಲೆ ಚೌಕಾಕಾರದ ಗೆರೆಗಳು ಕಾಣುತ್ತವೆ. ಅವು ರೋಮನ್ ಸೈನ್ಯ ಬಿಡಾರ ಹೂಡಿದ್ದ ಜಾಗಗಳು. ಇಂಥ 8 ಬಿಡಾರಗಳು ಬೆಟ್ಟದ ಸುತ್ತ ಇವೆ. ಮಧ್ಯಾಹ್ನ ನೋಡಿದರೆ ಬರೀ ಕಲ್ಲಿನ ರಾಶಿ. ಬೆಳಗ್ಗೆ ಬೆಳಕು ಅಡ್ಡಡ್ಡ ಬೀಳುವಾಗ ಮೊಣಕಾಲೆತ್ತರದ ಗೋಡೆಗೂ ಉದ್ದ ನೆರಳು ಬರುತ್ತದೆ, ಇಡೀ ಬಿಡಾರ ನಕ್ಷೆ ಬಿಡಿಸಿದ ಹಾಗೆ ಎದ್ದು ನಿಲ್ಲುತ್ತದೆ. ಸ್ವಲ್ಪ ಜೂಮ್ ಇರುವ ಲೆನ್ಸ್ ಸಾಕು. ಹಿಂದೆ ಮೃತ ಸಮುದ್ರವನ್ನೂ ಸೇರಿಸಿಕೊಳ್ಳಿ. ಅದರ ಮಟ್ಟ ವರ್ಷಕ್ಕೆ ಸುಮಾರು 1 ಮೀಟರ್ ಇಳಿಯುತ್ತಾ ಇದೆ. ನನ್ನ ಮೊದಲ ಸಲದ ಫೋಟೊ ಪಕ್ಕ ಕೊನೆಯದನ್ನು ಇಟ್ಟರೆ ದಡ ಹಿಂದೆ ಸರಿದಿರುವುದು ಕಾಣುತ್ತದೆ. ನೋಡಿ ಸಂಕಟ ಆಯಿತು.

ದಾರಿ ತಪ್ಪಿದವರು

ನನ್ನಿಂದ ಆದ ತಪ್ಪು ನಿಮ್ಮಿಂದ ಆಗಬಾರದು ಅಂತ ಬರೆಯುತ್ತಿದ್ದೇನೆ. ಮಸಾಡಕ್ಕೆ ಎರಡು ಬಾಗಿಲು. ಪೂರ್ವದ್ದಕ್ಕೆ ಮೃತ ಸಮುದ್ರದ ಪಕ್ಕದ 90ನೇ ನಂಬರ್ ರಸ್ತೆ. ಪಶ್ಚಿಮದ್ದಕ್ಕೆ ಅರಾದ್ ಊರಿನಿಂದ ಬರುವ ರಸ್ತೆ. ಇವೆರಡನ್ನು ಸೇರಿಸುವ ಕಾರು ದಾರಿ ಬೆಟ್ಟದ ಬುಡದಲ್ಲಿ ಇಲ್ಲ. ನಕ್ಷೆಯಲ್ಲಿ ಪಕ್ಕಪಕ್ಕ ಇದ್ದ ಹಾಗೆ ಕಾಣುತ್ತದೆ, ನಂಬಬೇಡಿ. ಗೆಳೆಯರು ಪೂರ್ವದ ಗೇಟಲ್ಲಿ ಕಾಯುತ್ತಿದ್ದರು, ನಾನು ಪಶ್ಚಿಮದಲ್ಲಿ ನಿಂತಿದ್ದೆ. ಸುತ್ತಿ ಬರುವಷ್ಟರಲ್ಲಿ ಬೆಳಕು ಹರಿದಿತ್ತು.

ಆದರೆ ಮಂಡಿ ನೋವು ಇರುವವರಿಗೆ ಪಶ್ಚಿಮವೇ ಒಳ್ಳೆಯದು. ರೋಮನ್ನರು ಕೋಟೆ ಮುರಿಯೋಕೆ ಕಟ್ಟಿದ ಮಣ್ಣಿನ ಏರಿಯ ಮೇಲೆ ನಡೆದರೆ 15-20 ನಿಮಿಷದಲ್ಲಿ ಮೇಲೆ ಇರುತ್ತೀರಿ.

ನಿಮ್ಮದೇ ಕೆಲಸ ಮಾಡುವವಳು, ಮಂಗಳೂರಿನಿಂದ

ತಂಗಿ, ರಜೆಯ ಲೆಕ್ಕ ಮೊದಲು ಹಾಕು. ಶನಿವಾರ ಯಹೂದಿಗಳ ವಾರದ ರಜೆ, ಅದಕ್ಕೇ ಶುಕ್ರವಾರ ಮಧ್ಯಾಹ್ನದ ಮೇಲೆ ಬಸ್ ನಿಲ್ಲುತ್ತದೆ, ಶನಿವಾರ ಸಂಜೆ ಕತ್ತಲಾದ ಮೇಲೇ ಮತ್ತೆ ಶುರು. ನಸುಕಿಗೆ ಮುಟ್ಟುವ ಬಸ್ ಬೇರೆ ದಿನವೂ ಇಲ್ಲ. ನಾವು ಐದು ಜನ ಸೇರಿ ಕಾರು ಬಾಡಿಗೆಗೆ ತೆಗೆದುಕೊಂಡೆವು, ಬೆಟ್ಟದ ಬುಡದ ಹಾಸ್ಟೆಲ್‌ನಲ್ಲಿ ರಾತ್ರಿ ಮಲಗಿದೆವು. ಅಲ್ಲಿಂದ ಗೇಟಿಗೆ ನಡೆದೇ ಹೋಗಬಹುದು. ಚಳಿಗಾಲದಲ್ಲಿ ಎಲ್ಲೋ ದೂರದ ಗುಡ್ಡದಲ್ಲಿ ಮಳೆಯಾದರೂ ಹಳ್ಳದಲ್ಲಿ ದಿಢೀರ್ ನೀರು ಬಂದು 90ನೇ ರಸ್ತೆ ಮುಚ್ಚುವುದುಂಟು. ಹಿಂದಿನ ದಿನ ವಿಚಾರಿಸಿಕೋ. ಕೋಟೆ ತೆರೆದಿದೆಯಾ ಅಂತಲೂ ಕೇಳಿಕೋ.

ನೀರು ಒಬ್ಬೊಬ್ಬರಿಗೆ 2 ಲೀಟರ್. ಸ್ವೆಟರ್ ಬೇಕೇ ಬೇಕು. ಬೆವರು ಬಂದ ಮೈಗೆ ಮೇಲಿನ ಗಾಳಿ ಬಡಿದರೆ ನಡುಕ ಬರುತ್ತದೆ. ತಲೆಗೆ ಕಟ್ಟುವ ಟಾರ್ಚ್ ತಗೋ, ಕೈ ಎರಡೂ ಖಾಲಿ ಇರಬೇಕು.

ಮೇಲೆ ಕೂತು ಚಪಾತಿ ತಿನ್ನುವಾಗ ಕಪ್ಪು ಹಕ್ಕಿಗಳು ಹತ್ತಿರ ಬರುತ್ತವೆ. ನಮ್ಮ ಗೊರವಂಕದ ಜಾತಿಯವೇ. ಕೂತಾಗ ಬರೀ ಕಪ್ಪು. ಹಾರಿದಾಗ ರೆಕ್ಕೆಯಲ್ಲಿ ಕಿತ್ತಳೆ ಬಣ್ಣ ಕಾಣುತ್ತದೆ. ಸೂರ್ಯನಿಗೆ ಎದುರಾಗಿ ಹಾರಿದರೆ ಆ ಕಿತ್ತಳೆ ದೀಪ ಹಚ್ಚಿದ ಹಾಗೆ ಹೊಳೆಯುತ್ತದೆ. ನಾನು ಫೋನಿನಲ್ಲೇ ಬರ್ಸ್ಟ್ ಮೋಡ್ (ಒಂದರ ಹಿಂದೆ ಒಂದು ಬೇಗ ಬೇಗ ತೆಗೆಯುವುದು) ಇಟ್ಟು ತೆಗೆದೆ. ನಲವತ್ತರಲ್ಲಿ ಒಂದು ಬಂತು. ತಿಂಡಿ ಮಾತ್ರ ಹಾಕಬೇಡ, ಸುಮ್ನೆ ಕಾದರೆ ಸಾಕು.

ಇತಿಹಾಸ ಓದಿದವರು

ಹೋಗುವ ಮುಂಚೆ ಕಥೆ ತಿಳಿದಿದ್ದರೆ ಎಲ್ಲಿ ನಿಲ್ಲಬೇಕು ಅಂತ ತಾನಾಗೇ ಗೊತ್ತಾಗುತ್ತದೆ. ಬೆಟ್ಟದ ಮೇಲೆ ಅರಮನೆಗಳನ್ನು ಕಟ್ಟಿಸಿದವನು ಹೆರೋಡ್ ರಾಜ. ಅವನು ಸತ್ತು ಎಷ್ಟೋ ವರ್ಷಗಳ ಮೇಲೆ, ಕ್ರಿಸ್ತಶಕ 73-74ರ ಸುಮಾರಿಗೆ, ರೋಮ್ ವಿರುದ್ಧ ಎದ್ದ ಯಹೂದಿಗಳು ಇಲ್ಲಿ ಕೊನೆಯದಾಗಿ ನಿಂತರು. ಸೆರೆ ಸಿಗುವುದಕ್ಕಿಂತ ಸಾವೇ ಮೇಲು ಅಂತ 960 ಜನ ಸತ್ತರು, ಇಬ್ಬರು ಹೆಂಗಸರು ಮತ್ತು ಐದು ಮಕ್ಕಳು ಮಾತ್ರ ಉಳಿದರು ಎಂದು ಆ ಕಾಲದ ಯಹೂದಿ ಇತಿಹಾಸಕಾರ ಜೋಸೆಫಸ್ ಬರೆದಿದ್ದಾನೆ. ಅವನ ಮಾತು ಎಷ್ಟು ನಿಜ ಎನ್ನುವ ವಾದ ವಿದ್ವಾಂಸರಲ್ಲಿ ಇನ್ನೂ ಇದೆ. 1963ರಿಂದ 65ರವರೆಗೆ ಇಸ್ರೇಲಿನ ಪುರಾತತ್ವ ತಜ್ಞ ಯಿಗೇಲ್ ಯಾದಿನ್ ಇಲ್ಲಿ ಉತ್ಖನನ ಮಾಡಿಸಿದರು.

ಗೋಡೆಗಳ ಮೇಲೆ ಒಂದು ಕಪ್ಪು ಗೆರೆ ಎಳೆದಿದ್ದಾರೆ, ಗಮನಿಸಿ. ಗೆರೆಯ ಕೆಳಗಿನ ಕಲ್ಲು ಅಗೆದಾಗ ಇದ್ದ ಹಾಗೇ ಸಿಕ್ಕಿದ್ದು. ಮೇಲಿನದ್ದು ಈಚೆಗೆ ಮತ್ತೆ ಕಟ್ಟಿದ್ದು. ನಾನು ಆ ಗೆರೆಯನ್ನೇ ಹತ್ತಿರದಿಂದ ತೆಗೆದೆ, ಎಳೆ ಬಿಸಿಲಲ್ಲಿ. ಆ ಬೆಟ್ಟದ್ದು ಅಂತ ನಾನು ಯಾರಿಗಾದರೂ ತೋರಿಸುವ ಮೊದಲ ಫೋಟೊ ಅದು.

ಡ್ರೋನ್ ಒಯ್ಯಬೇಡಿ, ರಾಷ್ಟ್ರೀಯ ಉದ್ಯಾನದೊಳಗೆ ಹಾರಿಸುವ ಹಾಗಿಲ್ಲ.

ಕೇಳಿದವಳು ಮತ್ತೆ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಟ್ರೈಪಾಡ್ ಬಿಟ್ಟೆ. ಕಾರಿಗೆ ನಾಲ್ಕನೆಯವಳೂ ಸಿಕ್ಕಳು. ಒಂದೇ ಪ್ರಶ್ನೆ: ಹಳೇ ಕ್ಯಾಮೆರಾ ಕೈಕೊಟ್ಟರೆ ಬರೀ ಫೋನಿನಲ್ಲಿ ಸೂರ್ಯನನ್ನು ಹೇಗೆ ತೆಗೆಯಲಿ?

ನಾಲ್ಕು ಸಲ ಹತ್ತಿದವರು

ಪರದೆಯ ಮೇಲೆ ಸೂರ್ಯನ ಪಕ್ಕದ ಆಕಾಶವನ್ನು ಬೆರಳಿಂದ ಒತ್ತಿ ಹಿಡಿಯಿರಿ, ಫೋಕಸ್ ಅಲ್ಲೇ ನಿಲ್ಲುತ್ತದೆ. ಆಮೇಲೆ ಬೆಳಕಿನ ಗುರುತನ್ನು ಕೆಳಗೆ ಎಳೆಯಿರಿ, ಬೆಟ್ಟಸಾಲು ಕಪ್ಪಾಗುವವರೆಗೆ. ಮುಂದೆ ಗೆಳತಿಯರನ್ನು ಗೋಡೆಯ ಹತ್ತಿರ ನಿಲ್ಲಿಸಿ, ಅಂಚಿಗೆ ಬೇಡ. ಇಳಿಯುವಾಗ ಅವಸರ ಬೇಡ, ಬೆಳಗ್ಗೆ 8ಕ್ಕೆ ಕೇಬಲ್ ಕಾರ್ ಶುರುವಾಗುತ್ತದೆ. ಮಂಡಿ ಹಿಡಿದಿದ್ದರೆ ಅದರಲ್ಲೇ ಇಳಿಯಿರಿ. ಬಂದ ಮೇಲೆ ಅಮ್ಮನಿಗೆ ಕಳಿಸಿದ ಫೋಟೊ ನಮಗೂ ತೋರಿಸಿ.