ಪೇಪರ್ ರಾಕೆಟ್ ದೂರ ಹೋಗಬೇಕು, ಮಾಡಿ ನೋಡಿದವರು ಹೇಳಿ

ನಿಟ್ಟುವಳ್ಳಿಯ ಅಮ್ಮ:
ಮಗ ಏಳನೇ ತರಗತಿ. ಮುಂದಿನ ಶನಿವಾರ ಶಾಲೆಯಲ್ಲಿ ಕಾಗದದ ವಿಮಾನದ ಸ್ಪರ್ಧೆ. ಒಂದೇ ಎ4 ಹಾಳೆ, ಟೇಪ್ ಅಂಟಿಸುವಂತಿಲ್ಲ, ಸಭಾಂಗಣದ ಒಳಗೇ ಎಸೆಯಬೇಕು. ಇವನದು ಎಸೆದ ಕೂಡಲೇ ಮೇಲಕ್ಕೆದ್ದು, ಅರೆಕ್ಷಣ ನಿಂತು, ಬಾಲ ಕೆಳಗಾಗಿ ಬೀಳುತ್ತದೆ. ಏಳು ಮೀಟರ್ ದಾಟಿಲ್ಲ. ಮೇಲೆ ಫ್ಯಾನ್‌ಗಳೂ ತಿರುಗುತ್ತಿರುತ್ತವಂತೆ. ಯಾವ ಹಾಳೆ, ಯಾವ ಮಡಿಕೆ?

ಮಂಡಿಪೇಟೆಯ ಲೆಕ್ಕ:
ಅಕ್ಕಾ, ಕಳೆದ ವರ್ಷ ಇದೇ ಹಳ್ಳಕ್ಕೆ ಬಿದ್ದು ಎದ್ದವನು ನಾನು. ಖರ್ಚನ್ನು ಅಂಗಡಿಯ ಖಾತೆ ಪುಸ್ತಕದ ಕೊನೆಯ ಪುಟದಲ್ಲಿ ಬರೆದಿಟ್ಟಿದ್ದೇನೆ, ಹೆಂಡತಿಯ ಕಣ್ಣಿಗೆ ಬೀಳದ ಹಾಗೆ. 75 ಜಿಎಸ್‌ಎಂ ಹಾಳೆ (ಚದರ ಮೀಟರಿಗೆ 75 ಗ್ರಾಂ ತೂಗುವಂಥದ್ದು) ಒಂದು ರೀಮ್, ಅಂದರೆ 500 ಹಾಳೆ, 290 ರೂಪಾಯಿ. ಅದು ಜೋರಾಗಿ ಎಸೆದರೆ ರೆಕ್ಕೆ ನಡುಗಿ ಮಗುಚಿಕೊಳ್ಳುತ್ತದೆ ಎಂದು 100 ಜಿಎಸ್‌ಎಂ ತಂದೆ, 520. ಸ್ಟೀಲ್ ಸ್ಕೇಲ್ 40. ಮೂರು ಮೀಟರ್ ಟೇಪಿನಲ್ಲಿ ಬಗ್ಗಿ ಬಗ್ಗಿ ಅಳೆದು ಸೊಂಟ ಹಿಡಿದ ಮೇಲೆ 30 ಮೀಟರಿನದು, 380. ಒಟ್ಟು 1,230. ಗೆದ್ದಿದ್ದರೆ ಸಿಗುತ್ತಿದ್ದದ್ದು ಒಂದು ಕಂಪಾಸ್ ಪೆಟ್ಟಿಗೆ. ಅದೂ ಸಿಗಲಿಲ್ಲ.

ಪಕ್ಕದ ಅಂಗಡಿಯ ಅಕ್ಕಸಾಲಿಗರ ತಕ್ಕಡಿಯಲ್ಲಿ ತೂಗಿಸಿಯೂ ನೋಡಿದೆ. ತೆಳು ಹಾಳೆ 4.7 ಗ್ರಾಂ, ದಪ್ಪದ್ದು 6.2. ಹದಿನಾರು ಎ4 ಸೇರಿದರೆ ಒಂದು ಚದರ ಮೀಟರ್ ಆಗುತ್ತದೆ, ಆದ್ದರಿಂದ ಕಾಗದದವರು ಮೋಸ ಮಾಡಿಲ್ಲ. ಮೋಸ ಮಾಡಿದ್ದು ಮಳೆ. ಹಿಂದಿನ ಸಂಜೆಯೇ ಮಡಿಸಿ, ಗೋದಾಮಿನಲ್ಲಿ 24 ಮೀಟರ್ ಎಸೆದು ನೋಡಿ, ಕಿಟಕಿಯ ಬಳಿ ಇಟ್ಟು ಮಲಗಿದೆವು. ಬೆಳಿಗ್ಗೆ ಹಾಳೆ ತೇವ ಹಿಡಿದು ಮೆತ್ತಗಾಗಿತ್ತು, ಮಡಿಕೆಗಳೆಲ್ಲ ಬಾಯಿ ಬಿಟ್ಟಿದ್ದವು. ಸ್ಪರ್ಧೆಯಲ್ಲಿ 9 ಮೀಟರಿಗೇ ಮಲಗಿತು. ಸತ್ತರೂ ಹಿಂದಿನ ರಾತ್ರಿ ಮಡಿಸಬೇಡಿ.

ದುರ್ಗದ ಗಾಳಿ:
ದಾವಣಗೆರೆಯವರಿಗೆ ಆಟವೂ ವ್ಯಾಪಾರವೇ. ನಾನು ಬಳಸಿದ್ದು ಹಳೆಯ ಪ್ರಶ್ನೆಪತ್ರಿಕೆ, ಖರ್ಚು ಸೊನ್ನೆ. ಮೂಗು ಮೊಂಡು, ರೆಕ್ಕೆ ಅಗಲ. ಆಷಾಢದಲ್ಲಿ ಚಿತ್ರದುರ್ಗದ ಜೋಗಿಮಟ್ಟಿ ಗುಡ್ಡದ ದಾರಿಯಲ್ಲಿ ನಿಂತು ಬಿಟ್ಟೆ, 110 ಹೆಜ್ಜೆ ಹೋಯಿತು. ನಮ್ಮ ಗುಡ್ಡಗಳ ಮೇಲಿನ ದೈತ್ಯ ಗಾಳಿಯಂತ್ರಗಳನ್ನೇ ತಿರುಗಿಸುವ ಗಾಳಿಗೆ ಐದು ಗ್ರಾಂ ಕಾಗದ ಯಾವ ಲೆಕ್ಕ?

ಗಿರಣಿ ಮೇಷ್ಟ್ರು:
ಗುಡ್ಡದ ಮೇಲಿನಿಂದ ಎಸೆದರೆ ಹರಿದ ಚಪ್ಪಲಿಯೂ ದೂರ ಹೋಗುತ್ತದೆ ತಮ್ಮಾ. ಸಮತಟ್ಟು ನೆಲ, ಗಾಳಿಯಿಲ್ಲದ ಜಾಗ, ಆಮೇಲೆ ಮಾತು. ಹೆಜ್ಜೆಯ ಅಳತೆಯನ್ನಂತೂ ನನ್ನ ಮುಂದೆ ತರಬೇಡಿ.

ನಾನು ಬೆಳೆದದ್ದು ಹತ್ತಿ ಗಿರಣಿಯ ವಸತಿಯಲ್ಲಿ. ಆಗ ಗಟ್ಟಿ ಕಾಗದ ಎಂದರೆ ಅಪ್ಪನ ಸಂಬಳದ ಚೀಟಿ. ಒಮ್ಮೆ ಅದನ್ನೇ ರಾಕೆಟ್ ಮಾಡಿ ಗೋದಾಮಿನ ಮಾಡಿನ ಮೇಲೆ ಕೂರಿಸಿದೆ. ತಿಂಗಳ ಲೆಕ್ಕ ಮಾಡಲು ಕುಳಿತ ಅಪ್ಪ ಚೀಟಿ ಹುಡುಕಿದರು. ಬೆನ್ನಿನ ಮೇಲೆ ಬಾಸುಂಡೆ ಎದ್ದವು, ಆದರೆ ಅಷ್ಟು ನೇರವಾಗಿ ಹಾರಿದ್ದನ್ನು ಆಮೇಲೆ ನಾನು ಕಂಡಿಲ್ಲ. ಕಾರಣ ತಿಳಿದದ್ದು ಮೇಷ್ಟ್ರಾದ ಮೇಲೆ: ಉದ್ದನೆಯ ಚೀಟಿಯಲ್ಲಿ ನಾನು ಮೂಗನ್ನು ನಾಲ್ಕು ಸಲ ಮಡಚಿದ್ದೆ, ಭಾರವೆಲ್ಲ ಮುಂದಿತ್ತು. ಈ ತಾಯಿಯ ಮಗನದು ಬಾಲದ ಭಾರ. ಮುಂದೆ ಇನ್ನೊಂದು ಮಡಿಕೆ ಕೊಡಿ, ಇಲ್ಲವೇ ರೆಕ್ಕೆಯ ಹಿಂದಂಚನ್ನು ಕೂದಲೆಳೆಯಷ್ಟು ಕೆಳಕ್ಕೆ ಬಾಗಿಸಿ. ಕೈಬಿಟ್ಟಾಗ ರೆಕ್ಕೆಗಳು ಜೋಲದೆ ಸ್ವಲ್ಪ ಮೇಲಕ್ಕೆ ನಿಂತಿರಬೇಕು, ಇಲ್ಲದಿದ್ದರೆ ಒಂದು ಪಕ್ಕಕ್ಕೆ ವಾಲುತ್ತದೆ.

100 ಜಿಎಸ್‌ಎಂ ಎಂಬುದು ದೊಡ್ಡವರ ತೋಳಿಗೆ. ಮಗುವಿನ ಕೈಯಲ್ಲಿ ಅದು ಕಲ್ಲು. ಸುಮ್ಮನೆ ಹಣ ಹಾಳು.

ಮಂಡಿಪೇಟೆಯ ಲೆಕ್ಕ:
ಹಾಳು ಹೇಗಾಯಿತು ಮೇಷ್ಟ್ರೇ? 2022ರ ಡಿಸೆಂಬರ್ 2ರಂದು ಅಮೆರಿಕದ ಇಂಡಿಯಾನಾದಲ್ಲಿ 88.318 ಮೀಟರಿನ ವಿಶ್ವದಾಖಲೆ ಮಾಡಿದವರು ಬಳಸಿದ್ದು ಇದೇ 100 ಜಿಎಸ್‌ಎಂ ಎ4. ಮೂವರು ಎಂಜಿನಿಯರುಗಳು ಕುಳಿತು ಮಾಡಿದ ಈಟಿಯಂಥ ಸಪೂರ ವಿಮಾನ, ನೆಲದಿಂದ 40 ಡಿಗ್ರಿಯಷ್ಟು ಮೇಲಕ್ಕೆ ಎಸೆದದ್ದು. ಅವರಿಗೆ ಬುದ್ಧಿಯಿಲ್ಲವೇ?

ಗಿರಣಿ ಮೇಷ್ಟ್ರು:
ಅವರು ಏಳನೇ ತರಗತಿಯವರೇ ಸ್ವಾಮಿ? ಅದು ಹಾರಾಟವೂ ಅಲ್ಲ, ಕವಣೆ ಕಲ್ಲು. ವಿಮಾನ ಎಂದರೆ 2012ರ ಫೆಬ್ರವರಿಯಲ್ಲಿ ಕ್ಯಾಲಿಫೋರ್ನಿಯಾದಲ್ಲಿ 69.14 ಮೀಟರ್ ತೇಲಿದ್ದು. ಜಾನ್ ಕಾಲಿನ್ಸ್ ಎಂಬವರು ಮಡಿಸಿದ್ದು, ಅಮೆರಿಕನ್ ಫುಟ್‌ಬಾಲ್ ಆಡುತ್ತಿದ್ದ ಜೋ ಅಯೂಬ್ ಎಸೆದದ್ದು. ವೇಗ ಇಳಿದ ಮೇಲೂ ರೆಕ್ಕೆಯ ಬಲದಲ್ಲಿ ಮುಂದೆ ಸಾಗಿತು.

(ಆಗಲೂ 100 ಜಿಎಸ್‌ಎಂ ಹಾಳೆಯೇ ಎಂದು ನೀವು ಬರೆಯುವ ಮುನ್ನ ನಾನೇ ಬರೆದಿದ್ದೇನೆ.)

ಮಡಿಸಿದವನ ಅಪ್ಪ:
ಎಸೆದದ್ದು ಬೇರೆಯವರು ಎಂದಿರಲ್ಲ, ಅಲ್ಲಿಗೇ ನನ್ನ ಹೊಟ್ಟೆ ಉರಿಯುತ್ತದೆ. ನನ್ನ ಮಗನ ಶಾಲೆಯಲ್ಲಿ ಇಬ್ಬಿಬ್ಬರ ತಂಡ. ಮಗ ಹದಿನೆಂಟು ದಿನ ಮಡಿಸಿದ. ಸಂಜೆ ಆರಕ್ಕೆ ಕುಳಿತರೆ ಊಟಕ್ಕೆ ಕರೆದರೂ ಏಳುತ್ತಿರಲಿಲ್ಲ. ಎರಡು ನೂರಕ್ಕೂ ಹೆಚ್ಚು ಹಾಳೆ ರದ್ದಿಗೆ ಹೋಯಿತು. ಉಗುರಿನಿಂದ ಮಡಿಕೆ ತೀಡಿ ಹೆಬ್ಬೆರಳಿನ ಚರ್ಮ ಸುಲಿಯಿತು, ಆಮೇಲೆ ಚಮಚದ ಹಿಂಬದಿಯಿಂದ ತೀಡಿದ. ಹಾಳೆಗೆ ಎಳೆ ಇರುತ್ತದೆ, ಎಳೆಯ ಉದ್ದಕ್ಕೆ ಮಡಿಸಿದರೆ ಗೆರೆ ಚೂಪಾಗಿ ಬರುತ್ತದೆ ಎಂಬುದನ್ನು ಅವನೇ ಕಂಡುಕೊಂಡ. ಮೈದಾನದಲ್ಲಿ ಎಸೆದವನು ಎತ್ತರದ ಇನ್ನೊಬ್ಬ ಹುಡುಗ. 27 ಮೀಟರ್, ಮೊದಲ ಬಹುಮಾನ. ಪ್ರಮಾಣಪತ್ರದಲ್ಲಿ ಎಸೆದವನ ಹೆಸರು ಮಾತ್ರ! ಕೇಳಿದ್ದಕ್ಕೆ "ಜಾಗ ಸಾಲಲಿಲ್ಲ" ಎಂದರು. ಮೂರು ಸಲ ಅರ್ಧ ದಿನ ರಜೆ ಹಾಕಿ ಓಡಾಡಿದೆ, ಇಂದಿಗೂ ತಿದ್ದಿ ಕೊಟ್ಟಿಲ್ಲ.

ಎಡಗೈ ಬೌಲರ್:
ಬೇಸರ ಮಾಡಿಕೊಳ್ಳಬೇಡಿ ಸರ್, ನಾನು ಎಸೆದವರ ಪಕ್ಷ. ಕಾಲೇಜಿನಲ್ಲಿ ಗೆಳೆಯರ ವಿಮಾನಗಳನ್ನೆಲ್ಲ ಎಸೆದವನು ನಾನೇ. ಒಳ್ಳೆಯ ವಿಮಾನವನ್ನು ಚೆಂಡಿನಂತೆ ಬೀಸಿದರೆ ಮೂರನೇ ಮೀಟರಿಗೆ ಪಲ್ಟಿ. ಹೆಬ್ಬೆರಳು ಎಲ್ಲಿ ಹಿಡಿಯಬೇಕು, ಮಣಿಕಟ್ಟು ತಿರುಗದ ಹಾಗೆ ಹೇಗೆ ಬಿಡಬೇಕು, ಇದು ಚಮಚದಿಂದ ತೀಡಿದರೆ ಬರುವುದಿಲ್ಲ. ಒಂದೇ ಮಧ್ಯಾಹ್ನ ಅರವತ್ತು ಸಲ ಎಸೆದು ಭುಜ ಹಿಡಿದುಕೊಂಡಿತು, ಆರು ವಾರ ಬೌಲಿಂಗ್ ಇಲ್ಲ. ನೋವಿನ ಎಣ್ಣೆ, ಎಕ್ಸ್‌ರೇ ಸೇರಿ 850 ರೂಪಾಯಿ. ಮಡಿಸಿದ ಗೆಳೆಯರು ಮಿರ್ಚಿಗೂ ಕರೆಯಲಿಲ್ಲ.

ಮಡಿಸಿದವನ ಅಪ್ಪ:
ಚಮಚದ ವಿಷಯದಲ್ಲಿ ಹಾಸ್ಯ ಬೇಡ. ಆ ಹುಡುಗನ ಕೈಗೆ ನಮ್ಮವನ ವಿಮಾನ ಸಿಗದಿದ್ದರೆ ಏನು ಎಸೆಯುತ್ತಿದ್ದ?

ಎಡಗೈ ಬೌಲರ್:
ಬೇರೆಯವರದನ್ನು. ಮತ್ತು ಗೆಲ್ಲುತ್ತಿದ್ದ.

ದುರ್ಗದ ಗಾಳಿ:
ನೀವು ಕಿತ್ತಾಡುತ್ತಿರಿ. ನಮ್ಮ ಜಿಲ್ಲೆಯ ಚಳ್ಳಕೆರೆಯಲ್ಲಿ ದೇಶದ ವಿಮಾನಗಳನ್ನೇ ಪರೀಕ್ಷೆ ಮಾಡುತ್ತಾರೆ. ಅವರೂ ಬಯಲಿನಲ್ಲೇ ಹಾರಿಸುತ್ತಾರೆ, ಗೋದಾಮಿನಲ್ಲಿ ಅಲ್ಲ.

ಗಿರಣಿ ಮೇಷ್ಟ್ರು:
ಅವರು ಹೆಜ್ಜೆಯಲ್ಲಿ ಅಳೆಯುವುದಿಲ್ಲ.

ನಿಟ್ಟುವಳ್ಳಿಯ ಅಮ್ಮ:
ಎಲ್ಲರಿಗೂ ನಮಸ್ಕಾರ. ಮೇಷ್ಟ್ರು ಹೇಳಿದಂತೆ ಹಿಂದಂಚನ್ನು ಬಾಗಿಸಿದೆವು. ಮೊದಲು ಹೆಚ್ಚಾಗಿ ಮೂಗು ನೆಲಕ್ಕೆ ಕುಟ್ಟಿತು, ಸ್ವಲ್ಪ ಸಡಿಲಿಸಿದ ಮೇಲೆ 13 ಮೀಟರ್ ಹೋಯಿತು. ಓಣಿಯಲ್ಲಿ ಅಳೆದದ್ದು, ಹೆಜ್ಜೆಯಲ್ಲಿ ಅಲ್ಲ. ಆದರೆ ಆ ಸಭಾಂಗಣದ ಉದ್ದವೇ 22 ಮೀಟರ್. 88 ಮೀಟರ್ ಎಸೆಯಲು ಗೋಡೆ ಒಡೆಯಬೇಕಾಗುತ್ತದೆ. ಫ್ಯಾನಿನ ವಿಷಯ ಯಾರೂ ಹೇಳಲಿಲ್ಲ.

ಎಡಗೈ ಬೌಲರ್:
ಫ್ಯಾನ್ ಇದ್ದರೆ 40 ಡಿಗ್ರಿ ಮರೆತುಬಿಡಿ, ಎದೆಯ ಮಟ್ಟದಲ್ಲಿ ನೇರವಾಗಿ ಎಸೆಯಲಿ. ನನ್ನದೊಂದು ಫ್ಯಾನಿಗೆ ಸಿಕ್ಕಿ ಮುಖ್ಯ ಅತಿಥಿಯ ಪೇಟದ ಮೇಲೆ ಇಳಿದಿತ್ತು.

ಮಂಡಿಪೇಟೆಯ ಲೆಕ್ಕ:
ಅಕ್ಕಾ, 100 ಜಿಎಸ್‌ಎಂ 430 ಹಾಳೆ ಇನ್ನೂ ಉಳಿದಿವೆ, ಮಗನಿಗೆ ಐವತ್ತು ಕಳಿಸುತ್ತೇನೆ, ದುಡ್ಡು ಬೇಡ. 30 ಮೀಟರ್ ಟೇಪು ಯಾರಿಗಾದರೂ ಬೇಕಿದ್ದರೆ 300ಕ್ಕೆ.

ಮಡಿಸಿದವನ ಅಪ್ಪ:
200.

ಮಂಡಿಪೇಟೆಯ ಲೆಕ್ಕ:
ಎರಡೇ ಸಲ ಬಳಸಿದ್ದು ಯಜಮಾನರೇ. 280.