ಅಪ್‌ಡೇಟ್: ಲೈಬ್ರರಿ ಡೇಟಾಬೇಸ್‌ಗೆ ಕ್ವೆರಿ ಟೂಲ್ ಸಿಕ್ಕಿತು

ಹೋದ ತಿಂಗಳು ಕೇಳಿದ್ದೆ: ನಮ್ಮ ಕಾಲೇಜು ಲೈಬ್ರರಿಯಲ್ಲಿ ಕೋಹಾ ಅನ್ನೋ ಲೈಬ್ರರಿ ಸಾಫ್ಟ್‌ವೇರ್ ಇದೆ, ಅದರ ಡೇಟಾ ಇರುವುದು ಮಾರಿಯಾಡಿಬಿ ಡೇಟಾಬೇಸ್‌ನಲ್ಲಿ. ಎಸ್‌ಕ್ಯೂಎಲ್ (ಡೇಟಾಬೇಸ್‌ಗೆ ಕ್ವೆರಿ, ಅಂದರೆ ಪ್ರಶ್ನೆ, ಕೇಳುವ ಭಾಷೆ) ಬಾರದ ಲೈಬ್ರರಿಯನ್ ಮೇಡಂ ತಾವೇ ವರದಿ ತೆಗೆಯಲು ಯಾವ ಟೂಲ್ ಒಳ್ಳೆಯದು ಅಂತ. ಉತ್ತರಿಸಿದ ಎಲ್ಲರಿಗೂ ಥ್ಯಾಂಕ್ಸ್.

ಮೊದಲು ಡಿಬೀವರ್ ಅನ್ನೋ ಡೇಟಾಬೇಸ್ ಟೂಲ್ ನೋಡಿದೆ. ನನಗೆ ತುಂಬಾ ಇಷ್ಟವಾಯಿತು. ಆದರೆ ಮೌಸ್‌ನಿಂದ ಟೇಬಲ್ ಎಳೆದು ಜೋಡಿಸುವ ಕ್ವೆರಿ ಬಿಲ್ಡರ್ ಉಚಿತ ಆವೃತ್ತಿಯಲ್ಲಿ ಇಲ್ಲ. ಬ್ರೌಸರ್‌ನಲ್ಲಿ ವರದಿ ತೋರಿಸುವ ಮೆಟಾಬೇಸ್ ಚೆನ್ನಾಗಿದೆ, ಆದರೆ ಅದಕ್ಕೊಂದು ಸರ್ವರ್ ನೋಡಿಕೊಳ್ಳಬೇಕು. ಒಬ್ಬರಿಗೋಸ್ಕರ ಅಷ್ಟು ಬೇಡ ಅನ್ನಿಸಿತು.

ಕೊನೆಗೆ ಆರಿಸಿದ್ದು ಲಿಬ್ರೆಆಫೀಸ್ ಬೇಸ್, ಅಂದರೆ ಲಿಬ್ರೆಆಫೀಸ್ ಅನ್ನೋ ಉಚಿತ ಆಫೀಸ್ ಸಾಫ್ಟ್‌ವೇರ್‌ನ ಡೇಟಾಬೇಸ್ ಭಾಗ. ಮೇಡಂಗೆ ಬೇಕಿದ್ದದ್ದು ಸದ್ಯ ಒಂದೂ ಪುಸ್ತಕ ತಗೊಂಡಿರದ ಸದಸ್ಯರ ಪಟ್ಟಿ. borrowers ಅಂತಿರುವ ಸದಸ್ಯರ ಟೇಬಲ್ಲಿಂದ ಯಾರಿಗೆ ಯಾವ ಪುಸ್ತಕ ಕೊಟ್ಟಿದೆ ಅನ್ನುವ ಟೇಬಲ್ಲಿಗೆ ಗೆರೆ ಎಳೆದರು. ಬಂದದ್ದು ಪುಸ್ತಕ ತಗೊಂಡವರ ಹೆಸರು ಮಾತ್ರ! ಗೆರೆ ಮೇಲೆ ಡಬಲ್ ಕ್ಲಿಕ್ ಮಾಡಿ ಲೆಫ್ಟ್ ಜಾಯಿನ್ (ಮೊದಲ ಟೇಬಲ್ಲಿನ ಎಲ್ಲರನ್ನೂ ಉಳಿಸಿಕೊಳ್ಳುವ ಜೋಡಣೆ) ಆರಿಸಿದೆವು. ಎರಡನೇ ಟೇಬಲ್ಲಿನ ಸದಸ್ಯರ ನಂಬರ್ ಖಾಲಿ ಇರಬೇಕು ಅಂತ ಷರತ್ತು ಹಾಕಿದೆವು. ಸರಿಯಾದ ಪಟ್ಟಿ ಬಂತು. ಮೇಡಂ ಮುಖ ನೋಡಬೇಕಿತ್ತು, ಅಷ್ಟು ಖುಷಿ.

ಒಂದು ಮಾತು: ಅವರ ಲಾಗಿನ್‌ಗೆ ಸೆಲೆಕ್ಟ್ (ಡೇಟಾ ಓದುವ) ಅನುಮತಿ ಮಾತ್ರ ಕೊಟ್ಟಿದ್ದೇನೆ. ಬದಲಿಸುವ ಅನುಮತಿ ಇದ್ದರೆ ಬೇಸ್‌ನಲ್ಲಿ ಟೇಬಲ್ ತೆರೆದು ಸುಮ್ನೆ ಟೈಪ್ ಮಾಡಿದರೂ ಡೇಟಾ ಬದಲಾಗುತ್ತದೆ ಅಲ್ವಾ, ಇದನ್ನು ಮಾತ್ರ ಮರೆಯಬೇಡಿ.