ಉಡುಪಿ, ಮಂಗಳೂರಿನ ವಕೀಲರು ಹೈಕೋರ್ಟ್ ನ್ಯಾಯಮೂರ್ತಿಯಾಗುವುದು ಹೇಗೆ? ಕೆ. ಎಸ್. ಹೆಗ್ಡೆಯವರು ನಡೆದ ದಾರಿ ಇಂದಿಗೂ ತೆರೆದಿದೆಯೇ?

ಪ್ರಶ್ನೆ: ಉಡುಪಿಯ ಕಿರಿಯ ವಕೀಲೆ

ಉಡುಪಿಯ ನ್ಯಾಯಾಲಯಗಳಲ್ಲಿ ವೃತ್ತಿ ಆರಂಭಿಸಿ ನನಗೆ ನಾಲ್ಕು ವರ್ಷಗಳಾದವು. ನಮ್ಮ ಕಚೇರಿಗೆ ಬರುವುದು ಹೆಚ್ಚಾಗಿ ಪಾಲಿನ ದಾವೆಗಳು, ಮೂಲಗೇಣಿಯ (ಶಾಶ್ವತ ಗೇಣಿಯ) ತಕರಾರುಗಳು, ಕುಮ್ಕಿ ಜಾಗದ (ಖಾಸಗಿ ಜಮೀನಿಗೆ ತಾಗಿದ, ಬಳಕೆಯ ಹಕ್ಕಷ್ಟೇ ಇರುವ ಸರ್ಕಾರಿ ಜಾಗದ) ಜಗಳಗಳು. ಕಾರ್ಕಳ ತಾಲೂಕಿನ ಕೌಡೂರಿನಲ್ಲಿ 1909ರಲ್ಲಿ ಹುಟ್ಟಿದ ಕೆ. ಎಸ್. ಹೆಗ್ಡೆಯವರು ಇದೇ ಜಿಲ್ಲೆಯ ನ್ಯಾಯಾಲಯಗಳಲ್ಲಿ ವಾದಿಸಿ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ನ್ಯಾಯಮೂರ್ತಿಗಳಾದರು ಎಂದು ನಮ್ಮ ಸೀನಿಯರ್ ಆಗಾಗ ಹೇಳುತ್ತಾರೆ. ಮನೆಯವರು ಮಾತ್ರ ಸಿವಿಲ್ ನ್ಯಾಯಾಧೀಶರ ಪರೀಕ್ಷೆ ಬರೆಯಲು ಒತ್ತಾಯಿಸುತ್ತಿದ್ದಾರೆ. ವಕೀಲಳಾಗಿಯೇ ಉಳಿದು ಹೈಕೋರ್ಟ್ ಪೀಠವನ್ನು ತಲುಪುವ ಸಾಧ್ಯತೆ ನಮ್ಮಂಥ ಊರಿನವರಿಗೆ ನಿಜಕ್ಕೂ ಇದೆಯೇ? ಅದಕ್ಕೆ ಅರ್ಜಿ, ಪರೀಕ್ಷೆ ಏನಾದರೂ ಇರುತ್ತದೆಯೇ?

ಉತ್ತರ 1: ಮಂಗಳೂರಿನ ಹಿರಿಯ ವಕೀಲ

ಅರ್ಜಿಯೂ ಇಲ್ಲ, ಪರೀಕ್ಷೆಯೂ ಇಲ್ಲ. ಸಂವಿಧಾನದ 217ನೇ ವಿಧಿಯ ಪ್ರಕಾರ ಭಾರತದ ಪ್ರಜೆಯಾಗಿದ್ದು, ಹೈಕೋರ್ಟ್ ವಕೀಲರಾಗಿ ಕನಿಷ್ಠ 10 ವರ್ಷ ಪೂರೈಸಿದವರು ಅಥವಾ ಅಷ್ಟೇ ಕಾಲ ನ್ಯಾಯಾಂಗ ಹುದ್ದೆಯಲ್ಲಿದ್ದವರು ಅರ್ಹರು. ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಗಳು ತಮ್ಮ ಇಬ್ಬರು ಹಿರಿಯ ಸಹೋದ್ಯೋಗಿಗಳೊಂದಿಗೆ ಚರ್ಚಿಸಿ ಹೆಸರನ್ನು ಸೂಚಿಸುತ್ತಾರೆ. ಆ ಹೆಸರು ರಾಜ್ಯ ಸರ್ಕಾರ, ಕೇಂದ್ರದ ಕಾನೂನು ಸಚಿವಾಲಯ ಮತ್ತು ಸುಪ್ರೀಂ ಕೋರ್ಟಿನ ಹಿರಿಯ ನ್ಯಾಯಮೂರ್ತಿಗಳ ಸಮಿತಿಯಾದ ಕೊಲಿಜಿಯಂಗಳನ್ನು ದಾಟಿ ಕೊನೆಗೆ ರಾಷ್ಟ್ರಪತಿಗಳ ಸಹಿಗೆ ಹೋಗುತ್ತದೆ. ಅಲ್ಲಿಯವರೆಗೆ ವಕೀಲರು ಮಾಡಬಹುದಾದದ್ದು ಒಂದೇ, ಕೈಯಲ್ಲಿರುವ ಕೇಸನ್ನು ಚೆನ್ನಾಗಿ ನಡೆಸುವುದು.

ಹೆಗ್ಡೆಯವರ ಕಾಲದಲ್ಲಿ ಕೊಲಿಜಿಯಂ ಇರಲಿಲ್ಲ, ಆದರೆ ಅವರ ವೃತ್ತಿಯ ಬೇರು ಇಲ್ಲಿಯದೇ. ಈ ಜಿಲ್ಲೆಯಲ್ಲಿ ವಕೀಲಿ ಮಾಡಿ, ಸರ್ಕಾರಿ ವಕೀಲರಾಗಿ ದುಡಿದು, 1952ರಲ್ಲಿ ರಾಜ್ಯಸಭೆಗೆ ಹೋದರು. ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಮರುವರ್ಷವೇ, 1957ರಲ್ಲಿ, ಮೈಸೂರು ಹೈಕೋರ್ಟಿನ ನ್ಯಾಯಮೂರ್ತಿಗಳಾದರು. 1966ರಲ್ಲಿ ದೆಹಲಿ ಹೈಕೋರ್ಟ್ ಸ್ಥಾಪನೆಯಾದಾಗ ಅದರ ಮೊದಲ ಮುಖ್ಯ ನ್ಯಾಯಮೂರ್ತಿಗಳಾದರು, 1967ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. 1973ರ ಏಪ್ರಿಲ್ 24ರಂದು ಕೇಶವಾನಂದ ಭಾರತಿ ಪ್ರಕರಣದಲ್ಲಿ 13 ನ್ಯಾಯಮೂರ್ತಿಗಳ ಪೀಠವು 7–6ರ ಬಹುಮತದಿಂದ ಸಂವಿಧಾನದ ಮೂಲ ಸ್ವರೂಪವನ್ನು ಸಂಸತ್ತು ಬದಲಿಸಲಾಗದು ಎಂದು ತೀರ್ಪು ಕೊಟ್ಟಿತು. ಆ ಏಳು ಮಂದಿಯಲ್ಲಿ ಹೆಗ್ಡೆಯವರೂ ಒಬ್ಬರು. ಅರ್ಜಿದಾರರಾಗಿದ್ದ ಸ್ವಾಮೀಜಿಯವರು ನಮಗೆ ಹತ್ತಿರದ ಕಾಸರಗೋಡಿನ ಎಡನೀರು ಮಠದವರು ಎಂಬುದನ್ನು ಇಲ್ಲಿಯ ಕಿರಿಯ ವಕೀಲರು ನೆನಪಿಟ್ಟುಕೊಳ್ಳಬೇಕು ಎಂಬುದು ನನ್ನ ಆಸೆ. ತೀರ್ಪಿನ ಬೆನ್ನಲ್ಲೇ ಹೆಗ್ಡೆ, ಶೆಲತ್ ಮತ್ತು ಗ್ರೋವರ್ ಅವರ ಹಿರಿತನವನ್ನು ಬದಿಗಿಟ್ಟು ಎ. ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿಯಾಗಿ ನೇಮಿಸಲಾಯಿತು. ಮೂವರೂ ರಾಜೀನಾಮೆ ಕೊಟ್ಟರು. ಹೆಗ್ಡೆಯವರ ವೃತ್ತಿಜೀವನದಲ್ಲಿ ನಾನು ಅತ್ಯಂತ ಗೌರವಿಸುವ ಘಟ್ಟ ಅದೇ.

ವಿಚಾರಣಾ ನ್ಯಾಯಾಲಯದ ಕೆಲಸವನ್ನು ಸಣ್ಣದೆಂದು ತಿಳಿಯಬೇಡಿ. ನಾನು ಜೂನಿಯರ್ ಆಗಿದ್ದಾಗ ಒಂದು ಗದ್ದೆಯ ಗಡಿಯ ದಾವೆ ನಡೆಯಿತು. ಸರ್ವೆ ನಕ್ಷೆ ಎದುರಾಳಿಯ ಕಡೆಗಿತ್ತು. ನಮ್ಮ ಸೀನಿಯರ್ ಪಾಟೀಸವಾಲಿನಲ್ಲಿ ನಕ್ಷೆಯ ಮಾತೇ ಎತ್ತದೆ, ಆಟಿ (ಆಷಾಢ) ತಿಂಗಳ ಮಳೆಗೆ ಗದ್ದೆಯ ಬದುವಾದ ಕಟ್ಟಪುಣಿ ಒಡೆದರೆ ಅದನ್ನು ಕಟ್ಟುತ್ತಿದ್ದವರು ಯಾರು ಎಂದು ವಯಸ್ಸಾದ ಸಾಕ್ಷಿಯನ್ನು ಕೇಳಿದರು. ಆತ ಸಹಜವಾಗಿ ನಮ್ಮ ಕಕ್ಷಿದಾರರ ತಂದೆಯ ಹೆಸರು ಹೇಳಿದ. ನ್ಯಾಯಾಧೀಶರು ಪೆನ್ನು ನಿಲ್ಲಿಸಿ, ಆ ಮಾತನ್ನು ಇನ್ನೊಮ್ಮೆ ಹೇಳಿಸಿ ಬರೆದುಕೊಂಡರು. ಸಾಕ್ಷ್ಯವನ್ನು ಹೀಗೆ ಕಿವಿಯಾರೆ ಕೇಳಿ ಬೆಳೆದವರು ಮುಂದೆ ಪೀಠದಲ್ಲಿ ಕುಳಿತಾಗ, ಕಡತದ ಹಾಳೆಯ ಹಿಂದಿರುವ ಮನುಷ್ಯರನ್ನು ಕಾಣುತ್ತಾರೆ.

ಉತ್ತರ 2: ಬೆಂಗಳೂರಿನಲ್ಲಿ ವೃತ್ತಿ ನಡೆಸುತ್ತಿರುವ ಕಾರ್ಕಳದವರು

ಹಿರಿಯರ ಮಾತನ್ನು ಒಪ್ಪುತ್ತೇನೆ, ಆದರೆ ಒಂದು ಕಷ್ಟವನ್ನು ಮುಚ್ಚಿಡಬಾರದು. ಹೆಸರು ಸೂಚಿಸುವವರು ಹೈಕೋರ್ಟಿನ ನ್ಯಾಯಮೂರ್ತಿಗಳು. ಅವರ ಮುಂದೆ ವರ್ಷಗಟ್ಟಲೆ ವಾದಿಸದ ವಕೀಲರ ಸಾಮರ್ಥ್ಯ ಅವರಿಗೆ ತಿಳಿಯುವುದು ಹೇಗೆ? ಧಾರವಾಡ ಮತ್ತು ಕಲಬುರಗಿಗಳಲ್ಲಿ ಪೀಠಗಳಿವೆ. ಮಂಗಳೂರಿನಲ್ಲೂ ಬೇಕೆಂಬ ಬೇಡಿಕೆ ಇನ್ನೂ ಬೇಡಿಕೆಯಾಗಿಯೇ ಇದೆ. ಹಾಗಾಗಿ ನಮ್ಮವರು ಘಟ್ಟ ಹತ್ತಲೇಬೇಕು. ಮೂಡುಬಿದಿರೆ ಬಳಿಯ ಬೆಳುವಾಯಿಯ ಎಸ್. ಅಬ್ದುಲ್ ನಜೀರ್ ಅವರು ಮಂಗಳೂರಿನಲ್ಲಿ ಕಾನೂನು ಓದಿ, 1983ರಲ್ಲಿ ವಕೀಲರಾಗಿ, ಬೆಂಗಳೂರಿನ ಹೈಕೋರ್ಟಿನಲ್ಲಿ ಇಪ್ಪತ್ತು ವರ್ಷ ವಾದಿಸಿದ ಮೇಲೆ 2003ರಲ್ಲಿ ಅಲ್ಲಿಯೇ ಹೆಚ್ಚುವರಿ ನ್ಯಾಯಮೂರ್ತಿಯಾದರು. ಯಾವ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯೂ ಆಗದೆ 2017ರಲ್ಲಿ ನೇರವಾಗಿ ಸುಪ್ರೀಂ ಕೋರ್ಟಿಗೆ ಹೋದರು.

ಮನೆಯವರ ಸಲಹೆಯನ್ನೂ ತಳ್ಳಿಹಾಕಬೇಡಿ. ಸಿವಿಲ್ ನ್ಯಾಯಾಧೀಶರ ಹುದ್ದೆಗೆ ಮೂರು ವರ್ಷಗಳ ವಕೀಲಿ ಕಡ್ಡಾಯವೆಂದು 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ, ಅದು ನಿಮಗೆ ಈಗಾಗಲೇ ಇದೆ. ಏಳು ವರ್ಷ ತುಂಬಿದ ಮೇಲೆ 233ನೇ ವಿಧಿಯಡಿ ಜಿಲ್ಲಾ ನ್ಯಾಯಾಧೀಶರ ನೇರ ನೇಮಕಾತಿಗೂ ಪ್ರಯತ್ನಿಸಬಹುದು. ಆದರೆ ನ್ಯಾಯಾಂಗ ಸೇವೆಯ ದಾರಿಯಲ್ಲಿ ಹೈಕೋರ್ಟ್ ತಲುಪುವವರು ಬಹುತೇಕ ಐವತ್ತು ದಾಟಿರುತ್ತಾರೆ, ನಿವೃತ್ತಿ 62ಕ್ಕೆ. ನೀವು ವಕೀಲರಾಗಿಯೇ ಉಳಿಯುವುದಾದರೆ, ಉಡುಪಿಯಲ್ಲಿ ನೀವೇ ಸಾಕ್ಷಿ ನಡೆಸಿದ ದಾವೆ ಎರಡನೇ ಮೇಲ್ಮನವಿಯಾಗಿ ಬೆಂಗಳೂರಿಗೆ ಬರುವಾಗ ಕಡತದ ಜೊತೆಗೆ ನೀವೂ ಬನ್ನಿ. ಅಲ್ಲಿ ವಾದಿಸಬೇಕಾದದ್ದು ಕಾನೂನಿನ ಗಣನೀಯ ಪ್ರಶ್ನೆಯನ್ನು ಮಾತ್ರ. ಅದನ್ನು ಹೆಕ್ಕಿ ತೆಗೆಯುವುದನ್ನು ಈಗಲೇ ಕಲಿಯಿರಿ.

ಪ್ರಶ್ನೆ ಕೇಳಿದವರು:

ಇಬ್ಬರಿಗೂ ವಂದನೆಗಳು. ನಾನೇ ವಾದಪತ್ರ ಬರೆದ ಒಂದು ಮೂಲಗೇಣಿ ದಾವೆಯಲ್ಲಿ ಜಿಲ್ಲಾ ನ್ಯಾಯಾಲಯದ ತೀರ್ಪು ನಮ್ಮ ವಿರುದ್ಧ ಬಂದಿದೆ, ಮೇಲ್ಮನವಿಯನ್ನು ಬೆಂಗಳೂರಿನ ವಕೀಲರಿಗೆ ಒಪ್ಪಿಸುವ ಮಾತು ನಡೆಯುತ್ತಿದೆ. ಕಾನೂನಿನ ಪ್ರಶ್ನೆಗಳ ಕರಡನ್ನು ನಾನೇ ಬರೆಯುತ್ತೇನೆಂದೂ, ವಿಚಾರಣೆಯ ದಿನ ನನ್ನನ್ನೂ ಕಳುಹಿಸಬೇಕೆಂದೂ ಸೋಮವಾರ ಸೀನಿಯರ್ ಅವರನ್ನು ಕೇಳುತ್ತೇನೆ.